ಮಂಗಟ್ಟೆಗಾಗಿ ಚೊಕ್ಕ ಮಾಡಿದ ಗುಡ್ಡ

ಆ ಗುಡ್ಡದ ನೆತ್ತಿಯಲ್ಲಿ ನಿಂತರೆ ಈಗ ಕೆಳಗಿನ ಹಳ್ಳದವರೆಗೂ ಕಣ್ಣು ಹೋಗುತ್ತದೆ. ನಡುವೆ ಅಡ್ಡ ಬರುವಂಥದ್ದು ಏನೂ ಇಲ್ಲ. ಸಾಲಾಗಿ ನೆಟ್ಟಗೆ ನಿಂತ ಪೈನ್ ಮರಗಳು, ಅವುಗಳ ಕೆಳಗೆ ಗುಡಿಸಿಟ್ಟಂಥ ನೆಲ. ಮಾಸ್ತಿಕಟ್ಟೆಯಿಂದ ಹುಲಿಕಲ್ ಕಡೆಗೆ ಹೋಗುವವರು ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆದುಕೊಳ್ಳುತ್ತಾರೆ. ಕಾಡನ್ನು ಎಷ್ಟು ಚೆಂದ ಇಟ್ಟುಕೊಂಡಿದ್ದಾರೆ ಇಲ್ಲಿನ ಜನ ಎನ್ನುತ್ತಾರೆ. ಆ ಚೆಂದಕ್ಕೆ ಮೊದಲು ಕಾರಣನಾದವನು ನಾನು. ನನ್ನ ನೆನಪು ಹಾಗೆ ಹೇಳುತ್ತದೆ. ಅದನ್ನು ಎಷ್ಟು ನಂಬಬೇಕು ಎಂಬುದು ನನಗೆ ಈಗಲೂ ಬಗೆಹರಿದಿಲ್ಲ.

ಪೈನ್ ನೆಟ್ಟದ್ದು ನಾನು ಹುಟ್ಟುವ ಮೊದಲು. ಕಾಗದಕ್ಕೆ ಬೇಕೆಂದು ಇದ್ದ ಕಾಡನ್ನು ಕಡಿದು ನೆಟ್ಟರಂತೆ. ಆಮೇಲೆ ಯಾಕೋ ಅದನ್ನು ಕಡಿಯಲು ಯಾರೂ ಬರಲಿಲ್ಲ. ನಾನು ಶಾಲೆಗೆ ಹೋಗುವಾಗ ಆ ಮರಗಳ ಕೆಳಗೆ ಹುಲ್ಲೂ ಇರಲಿಲ್ಲ, ಸೂಜಿಯಂಥ ಎಲೆಯ ಜಾರುವ ಹಾಸು ಮಾತ್ರ. ಅಡಿಕೆ ಹಾಳೆಯ ಮೇಲೆ ಕೂತು ನೆತ್ತಿಯಿಂದ ಕೆಳಕ್ಕೆ ಜಾರುತ್ತಿದ್ದೆವು. ಕಾಲೇಜಿಗೆ ಹೋಗುವ ಹೊತ್ತಿಗೆ ಜಾರಲು ಆಗುತ್ತಿರಲಿಲ್ಲ. ಪಕ್ಕದ ಹಳೆಯ ಕಾಡಿನಿಂದ ಹಕ್ಕಿಗಳು ಬೀಜ ತಂದು ಉದುರಿಸಿ ಕೇಪಳ, ಮುರುಗಲು, ಸಳ್ಳೆ, ಬೆತ್ತ ಎಲ್ಲ ಎದ್ದಿದ್ದವು. ಮರಗಳ ಕೆಳಗಿನ ಈ ಪೊದೆ, ಬಳ್ಳಿ, ಸಸಿಗಳ ಗೋಜಲಿಗೆ ನಮ್ಮ ಕಡೆ ಜಿಗ್ಗು ಎನ್ನುತ್ತೇವೆ. ಮೇಲೆ ಪೈನ್, ಕೆಳಗೆ ಜಿಗ್ಗು. ಕಡಿದುಹೋದ ಕಾಡು ಪೈನಿನ ನೆರಳಿನಲ್ಲೇ ಮತ್ತೆ ತಲೆ ಎತ್ತುತ್ತಿದೆ ಎಂದು ಆಗ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಆ ಮಾತು ನನಗೆ ಹೊಳೆದದ್ದು ಬಹಳ ತಡವಾಗಿ.

ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿ, ಮುಗಿಯದೇ ಹೋದ ಒಂದು ಸಂಶೋಧನೆಗೆ ನಾನು ಹಿಡಿದುಕೊಂಡದ್ದು ಮಂಗಟ್ಟೆ ಹಕ್ಕಿಯನ್ನು. ದೊಡ್ಡ ಕೊಕ್ಕಿನ ಈ ಹಕ್ಕಿ ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಒಂದು ಸೀಳು ಮಾತ್ರ ಬಿಟ್ಟುಕೊಂಡು. ಗಂಡು ಆ ಸೀಳಿನಲ್ಲಿ ತಿಂಗಳುಗಟ್ಟಲೆ ಹಣ್ಣು ಕೊಡುತ್ತದೆ. ಪೊಟರೆಯಿದ್ದ ಹಳೆಯ ಮರಗಳಲ್ಲಿ ಎಷ್ಟೋ ಅಣೆಕಟ್ಟಿನ ಹಿನ್ನೀರಿನಲ್ಲಿ ಹೋಗಿದ್ದವು, ಉಳಿದವನ್ನು ಜನ ಕಡಿದಿದ್ದರು. ಹಕ್ಕಿ ಇತ್ತು, ಮನೆ ಇರಲಿಲ್ಲ. ಪೈನ್ ಮರಗಳು ಎತ್ತರವಾಗಿದ್ದವು, ಗಟ್ಟಿಯಾಗಿದ್ದವು. ಅವುಗಳಿಗೆ ಮರದ ಪೆಟ್ಟಿಗೆ ಕಟ್ಟಿದರೆ ಹೇಗೆ ಎಂದು ನನಗೆ ಅನ್ನಿಸಿತು. ಪೆಟ್ಟಿಗೆ ಮಾಡಿದವರು, ಮರ ಹತ್ತಿ ಕಟ್ಟಿದವರು ನನ್ನ ಭಾವ. ನನ್ನ ಸೋದರತ್ತೆಯ ಮಗ, ಅಕ್ಕನನ್ನು ಮದುವೆಯಾದವರು, ಗುಡ್ಡದ ಬುಡದಲ್ಲೇ ಮನೆ. ಮೂರನೆಯ ವರ್ಷ ಒಂದು ಪೆಟ್ಟಿಗೆಗೆ ಮಂಗಟ್ಟೆ ಬಂತು. ಅದರ ಮರುವರ್ಷ ಇನ್ನೊಂದಕ್ಕೆ. ಊರಿನ ಅರಣ್ಯ ಸಮಿತಿಯವರು ಅದನ್ನು ತಮ್ಮ ಹಬ್ಬದಂತೆ ನಡೆಸಿದರು. ಭಾವನನ್ನು ಪೆಟ್ಟಿಗೆಗಳ ಕಾವಲಿಗೆ ಇಟ್ಟುಕೊಂಡರು. ಮಂಗಟ್ಟೆ ಹೆಚ್ಚಾದದ್ದು ನಿಜ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಪೆಟ್ಟಿಗೆ ಕಟ್ಟಿದ ಮೊದಲ ವರ್ಷಗಳಲ್ಲಿ ಉಡ, ಕಾಡುಬೆಕ್ಕುಗಳ ಕಾಟವಿತ್ತು. ಪಕ್ಕದ ಪೊದೆ ಹತ್ತಿ ಮರಕ್ಕೆ ಜಿಗಿಯುತ್ತಿದ್ದವು. ಅದಕ್ಕೆ ನಾನು ಒಂದು ಹಾಳೆಯಲ್ಲಿ ಕೆಲವು ಸೂಚನೆ ಬರೆದುಕೊಟ್ಟೆ. ಪೆಟ್ಟಿಗೆಯಿರುವ ಮರದ ಸುತ್ತ ಹತ್ತು ಮಾರು ಜಿಗ್ಗು ಸವರಿ, ಉಡ ಅಡಗುವ ಒಣಕೊರಡುಗಳನ್ನು ತೆಗೆಯಿರಿ ಎಂದು. ಹತ್ತು ಮಾರು. ಆ ಅಳತೆಯನ್ನು ನಾನು ಎಷ್ಟು ಯೋಚಿಸಿ ಹಾಕಿದೆ ಎಂಬುದೂ ನನಗೆ ನೆನಪಿದೆ.

ಆ ಹಾಳೆ ಊರಿನವರ ಕೈಗೆ ಹೋದಾಗ ಏನಾಯಿತೆಂದರೆ, ಅವರು ಗುಡ್ಡವನ್ನು ಪಾಲು ಮಾಡಿದರು. ನಮ್ಮ ಊರಿನಲ್ಲಿ ಸಾರ್ವಜನಿಕ ಕೆಲಸ ಯಾವುದೇ ಇರಲಿ, ಕೆರೆ ಹೂಳಾಗಲಿ, ದಾರಿಯಾಗಲಿ, ಹಗ್ಗ ಹಿಡಿದು ಅಳೆದು ಮನೆಗೊಂದು ಪಾಲು ಮಾಡುವುದು ರೂಢಿ. ಯಾರ ಪಾಲು ಯಾವುದೆಂದು ಚೀಟಿ ಎತ್ತುತ್ತಾರೆ. ಹೆಚ್ಚಿನವರು ಹಿಂದೆ ಗೇಣಿ ಮಾಡಿಕೊಂಡಿದ್ದವರು. ಇನ್ನೊಬ್ಬರ ನೆಲದಲ್ಲಿ, ಇನ್ನೊಬ್ಬರ ಕಣ್ಣಿನ ಕೆಳಗೆ ಕೆಲಸ ಮಾಡಿ ಮಾಡಿ, ನಮ್ಮದು ಎಂದಾದ ಮೇಲೆ ಯಾರೂ ಬೆರಳು ತೋರಿಸಬಾರದು ಎಂಬ ಹಟ ಅವರಲ್ಲಿ ಬೇರೂರಿತ್ತು. ನನ್ನ ಅಪ್ಪನಲ್ಲಿಯೂ ಇತ್ತು. ಮಳೆ ಮುಗಿದ ಮೇಲೆ ಅಂಗಳ ಕೆತ್ತುವಾಗ ಒಂದು ಗರಿಕೆ ಉಳಿದರೆ ಅಪ್ಪನಿಗೆ ಊಟ ಸೇರುತ್ತಿರಲಿಲ್ಲ. ಅದೇ ಕೈಗಳು ಗುಡ್ಡಕ್ಕೆ ಹೋದವು. ಮೊದಲ ವರ್ಷ ಮರಗಳ ಸುತ್ತ ಮಾತ್ರ ಸವರಿದರು. ಎರಡನೆಯ ವರ್ಷ ಒಬ್ಬರ ಪಾಲಿನಲ್ಲಿ ಪೊದೆ ಉಳಿದದ್ದಕ್ಕೆ ಪಕ್ಕದವರು ನಕ್ಕರು. ಮೂರನೆಯ ವರ್ಷ ಯಾರ ಪಾಲಿನಲ್ಲೂ ಪೊದೆ ಉಳಿಯಲಿಲ್ಲ. ಒಣಕೊರಡುಗಳನ್ನು ಸೌದೆಗೆ ಒಯ್ದರು. ಕೊಟ್ಟಿಗೆಗೆ ಹಾಸಲು ದರಗು, ಎಂದರೆ ಉದುರಿದ ಒಣಎಲೆ, ಹೇಗೂ ಬೇಕಲ್ಲ ಎಂದು ನೆಲವನ್ನೂ ಗುಡಿಸಿದರು. ಯಾರೂ ಕೆಟ್ಟದ್ದು ಮಾಡಲಿಲ್ಲ. ಮನೆಗೆ ಬರುವ ನೆಂಟನಿಗಾಗಿ ಅಂಗಳ ಚೊಕ್ಕ ಮಾಡುವ ಹಾಗೆ ಮಂಗಟ್ಟೆಗಾಗಿ ಗುಡ್ಡ ಚೊಕ್ಕ ಮಾಡಿದರು.

ನಾನು ಆ ವರ್ಷಗಳಲ್ಲಿ ಗುಡ್ಡಕ್ಕೆ ಹೋಗುತ್ತಲೇ ಇದ್ದೆ. ತೀರ್ಥಹಳ್ಳಿಯಲ್ಲಿ ಒಂದು ಕಾಲೇಜು, ಆಮೇಲೆ ಹೊಸನಗರ, ಈಗ ಸಾಗರ, ಎಲ್ಲಿಯೂ ನೆಲೆ ನಿಲ್ಲದೆ ಅತಿಥಿ ಉಪನ್ಯಾಸಕನಾಗಿ ತಿರುಗುತ್ತಿದ್ದವನು ರಜೆ ಸಿಕ್ಕಾಗ ಬಂದು ಕತ್ತು ಮೇಲೆತ್ತಿ ಪೆಟ್ಟಿಗೆಗಳನ್ನು ನೋಡಿ ಹೋಗುತ್ತಿದ್ದೆ. ಕೆಳಗೆ ನೋಡಲಿಲ್ಲ. ಕೆಳಗೆ ಎಲೆ ಕೆದಕುವ ಹರಟೆಮಲ್ಲಗಳ ಗುಂಪು ಇರುತ್ತಿತ್ತು, ದಾರಿಯಿಂದ ತಟ್ಟನೆ ಹಾರುವ ಪಚ್ಚೆ ಪಾರಿವಾಳ, ತಲೆ ಕಿತ್ತಳೆ ಬಣ್ಣದ ನೆಲಸಿಳ್ಳಾರ. ಅವು ಯಾವಾಗ ಹೋದವು ಎಂದು ನನಗೆ ಗೊತ್ತೇ ಆಗಲಿಲ್ಲ. ಬಯಲಾದ ಗುಡ್ಡಕ್ಕೆ ಬೇರೆಯವು ಬಂದವು. ಪಿಕಳಾರ, ಕಾಜಾಣ, ನಾನು ಚಿಕ್ಕವನಿದ್ದಾಗ ಈ ಕಡೆ ಕಂಡೇ ಇರದ ನವಿಲು. ಹಕ್ಕಿಗಳೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲಿಗಿಂತ ಸದ್ದು ಹೆಚ್ಚೇ ಇದೆ. ಆದರೆ ಎಲ್ಲೂ ಸಿಗುವ ಹಕ್ಕಿಗಳು ಬಂದವು, ಅಲ್ಲಿ ಮಾತ್ರ ಇದ್ದವು ಹೋದವು.

ಎಲ್ಲಕ್ಕಿಂತ ಹೆಚ್ಚಾಗಿ ಕಾಕರಣೆ ಹೋಯಿತು. ಇದು ನೆರಳಿನ ಹಕ್ಕಿ. ನಡುಎತ್ತರದ ಕೊಂಬೆಯಲ್ಲಿ ನೆಟ್ಟಗೆ, ಅಲುಗಾಡದೆ ಕೂರುತ್ತದೆ, ಬಹುತೇಕ ನಮಗೆ ಬೆನ್ನು ಮಾಡಿ. ಗಂಡಿಗೆ ಎದೆ ಕೆಂಪು, ಹೆಣ್ಣಿಗೆ ಮಣ್ಣಿನ ಬಣ್ಣ. ಕೊಳೆತು ಮೆತ್ತಗಾದ ಕೊರಡನ್ನು ಕೊಕ್ಕಿನಿಂದ ಕೊರೆದು, ಆಳಿನ ಎದೆಮಟ್ಟದಲ್ಲೇ ಗೂಡು ಮಾಡುತ್ತದೆ. ಜಿಗ್ಗು ಮತ್ತು ಒಣಕೊರಡು, ನಾನು ತೆಗೆಯಿರಿ ಎಂದು ಹೇಳಿದ ಎರಡೂ ಅದಕ್ಕೆ ಬೇಕು.

ಕಳೆದ ಚಳಿಗಾಲದ ಹೊತ್ತಿಗೆ ಗುಡ್ಡದಲ್ಲಿ ಸವರದೆ ಉಳಿದಿದ್ದ ಜಾಗ ಒಂದೇ. ಬುಡದ ಹಳ್ಳದ ಎರಡೂ ದಡ. ಕಡಿದಾದ ಇಳಿಜಾರು, ಬೆತ್ತದ ಮುಳ್ಳು, ಜಿಗಣೆ, ಅದಕ್ಕೇ ಅದನ್ನು ಪಾಲಿಗೆ ಸೇರಿಸಿರಲಿಲ್ಲ. ಅದರ ಹಿಂದಿನ ಬೇಸಿಗೆಯಲ್ಲಿ ಉಡ ಒಂದು ಪೆಟ್ಟಿಗೆಗೆ ನುಗ್ಗಿ ಮೊಟ್ಟೆ ತಿಂದಿತ್ತು. ಉಡ ಬರುವುದು ಆ ಹಳ್ಳದ ಜಿಗ್ಗಿನಿಂದಲೇ ಎಂದು ಸಮಿತಿ ತೀರ್ಮಾನಿಸಿ ಹಳ್ಳವನ್ನೂ ಪಾಲಿಗೆ ಹಾಕಿತು. ಚೀಟಿ ಎತ್ತಿದಾಗ ಅದು ಬಂದದ್ದು ಭಾವನ ಮನೆಗೆ.

ಭಾವ ಸಾಗರಕ್ಕೆ ಫೋನು ಮಾಡಿದರು. ಅವರು ಸುಮ್ಮಸುಮ್ಮನೆ ಫೋನು ಮಾಡುವವರಲ್ಲ. ಹಳ್ಳದಲ್ಲಿ ಕಾಕರಣೆ ಇದೆ ಎಂದರು. ಕಳೆದ ಮಾಘದಲ್ಲಿ ಕೂಗಿದ್ದನ್ನು ಕೇಳಿದ್ದೇನೆ, ಒಂದು ಜೋಡಿ ಇರಬೇಕು, ಇಡೀ ಗುಡ್ಡದಲ್ಲಿ ಉಳಿದಿರುವುದು ಅಷ್ಟೇ ಎಂದರು. ತಮ್ಮ ಪಾಲನ್ನು ಸವರದೆ ಬಿಡುತ್ತೇನೆ ಎಂದು ಸಮಿತಿಗೆ ಹೇಳಿದ್ದಕ್ಕೆ ಜನ ನಕ್ಕರಂತೆ. ಮುಳ್ಳಿನ ಪಾಲು ಬಂದ ಕೂಡಲೇ ಕಾವಲುಗಾರನಿಗೆ ಹಕ್ಕಿಯ ಮೇಲೆ ಪ್ರೀತಿ ಬಂತು ಎಂದು. ತಮ್ಮದೇ ಪಾಲಾದ್ದರಿಂದ ತಮ್ಮ ಮಾತು ನಡೆಯುವುದಿಲ್ಲ, ನೀನು ಬಂದು ಹೇಳಿದರೆ ಬಿಡುತ್ತಾರೆ ಎಂದರು. ಕೆಲಸ ಶುರುಮಾಡುವ ಮೊದಲಿನ ಸಮಿತಿಯ ಸಭೆಗೆ ಇನ್ನೂ ಎಂಟು ದಿನವಿತ್ತು.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನನ್ನ ಓದು ನನ್ನನ್ನು ಬಿಡಲಿಲ್ಲ. ಬಾಯಿಮಾತಿಗಿಂತ ಬರಹ ತೋರಿಸಬೇಕು ಅನ್ನಿಸಿತು. ನನ್ನ ಹಳೆಯ ನೋಟ್ ಪುಸ್ತಕಗಳು ತೀರ್ಥಹಳ್ಳಿಯ ಕಾಲೇಜಿನ ಪ್ರಯೋಗಾಲಯದ ಬೀರುವಿನಲ್ಲಿದ್ದವು. ಬಸ್ಸು ಹತ್ತಿ ಹೋಗಿ ತೆಗೆಸಿದೆ. ಗೆದ್ದಲು ಹಿಡಿದಿರಲಿಲ್ಲ, ಅಕ್ಷರ ಮಾಸಿರಲಿಲ್ಲ, ಎಲ್ಲ ಸರಿಯಾಗಿತ್ತು. ದಿನಾಂಕ, ಪೆಟ್ಟಿಗೆಯ ಸಂಖ್ಯೆ, ಮಂಗಟ್ಟೆ ಗಂಡು ಎಷ್ಟು, ಹೆಣ್ಣು ಎಷ್ಟು, ಯಾವ ಹಣ್ಣು. ಪುಟ ಪುಟವೂ ಅದೇ. ಬೇರೆ ಹಕ್ಕಿಗೆ ನಾನು ಕಾಲಂ ಹಾಕಿಯೇ ಇರಲಿಲ್ಲ. ಆ ಗುಡ್ಡದಲ್ಲಿ ಅಷ್ಟು ವರ್ಷ ಓಡಾಡಿದ ನಾನು ಕಾಕರಣೆ ಎಂಬ ಪದವನ್ನು ಒಮ್ಮೆಯೂ ಬರೆದಿಲ್ಲ. ಆ ಪುಸ್ತಕಗಳನ್ನು ಯಾರಾದರೂ ಮುಂದೆ ಓದಿದರೆ, ಆ ಗುಡ್ಡದಲ್ಲಿ ಇದ್ದದ್ದು ಒಂದೇ ಹಕ್ಕಿ ಎಂದುಕೊಳ್ಳುತ್ತಾರೆ.

ಅಲ್ಲಿಂದ ಅಕ್ಕನ ಮನೆಗೆ ಬಂದೆ. ಮೂರು ಬೆಳಗ್ಗೆ ಭಾವನ ಜೊತೆ ಹಳ್ಳಕ್ಕೆ ಇಳಿದೆ. ಕೂಗು ಕೇಳಲಿಲ್ಲ, ಹಕ್ಕಿ ಕಾಣಲಿಲ್ಲ. ಇನ್ನೂ ಕೂಗುವ ಕಾಲ ಬಂದಿಲ್ಲ ಎಂದು ಭಾವ ಹೇಳಿದರು. ಅದು ಸರಿಯೇ. ಆದರೂ ಕಾಣದ್ದನ್ನು ಕಾಣದ್ದೆಂದೇ ಬರೆಯಬೇಕೆಂದು ಕಲಿತವನಿಗೆ ಅದು ಸಮಾಧಾನ ಕೊಡಲಿಲ್ಲ.

ಮೂರನೆಯ ದಿನ ರಾತ್ರಿಯ ಊಟದಲ್ಲಿ ನಾನು ಮೊದಲ ಸಲ ಕಾಕರಣೆ ನೋಡಿದ್ದನ್ನು ತೆಗೆದೆ. ಪಿಯುಸಿಯಲ್ಲಿದ್ದಾಗ ಅದೇ ಹಳ್ಳದಲ್ಲಿ ಭಾವ ತೋರಿಸಿದ್ದು. ಅದು ಕೊಂಬೆಯ ಮೇಲೆ ನಿಧಾನ ತಿರುಗಿತು, ಕೆಂಡದಂಥ ಎದೆ, ಕತ್ತಿಗೆ ಬಿಳಿ ಪಟ್ಟಿ. ನಾನು ಪ್ರಾಣಿಶಾಸ್ತ್ರ ಆರಿಸಿಕೊಂಡದ್ದೇ ಆ ಕೆಂಪಿನಿಂದ ಎಂದು ಎಷ್ಟೋ ಜನರಿಗೆ, ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಅಕ್ಕ ಮಜ್ಜಿಗೆ ಬಡಿಸುತ್ತಿದ್ದವಳು ತಡೆದಳು.

“ಎಂತ ಕೆಂಪೋ? ಅದು ತಿರುಗಲೇ ಇಲ್ಲ. ಬೆನ್ನು ಹಾಕ್ಕಂಡೇ ಕೂತಿತ್ತು, ಹಂಗೇ ಹಾರಿಹೋತು.”

“ನೀ ಎಲ್ಲಿದ್ದೆ ಅಲ್ಲಿ?”

“ಎಲ್ಲಿದ್ದೆ ಅಂದ್ರೆ? ದರಗಿನ ಜಲ್ಲೆ ಹೊತ್ಕಂಡು ನಿಂತಿದ್ದು ಯಾರು, ನಿನ್ನ ಯೂನಿವರ್ಸಿಟಿಯಾ?”

ಭಾವ ನಕ್ಕರು. ನಾನು ಅವರ ಕಡೆ ನೋಡಿದೆ. ಅವರು, ಅಕ್ಕ ಇದ್ದದ್ದು ಹೌದು, ಹಕ್ಕಿ ತಿರುಗಿತೋ ಇಲ್ಲವೋ ತಮಗೆ ನೆನಪಿಲ್ಲ, ಹೆಣ್ಣು ಹಕ್ಕಿ ಇದ್ದ ಹಾಗೆ ಜ್ಞಾಪಕ ಎಂದರು. ನನ್ನ ನೆನಪಿನ ಆ ಬೆಳಗಿನಲ್ಲಿ ಅಕ್ಕ ಇರಲೇ ಇಲ್ಲ. ಜಲ್ಲೆ ಎಂಬ ದೊಡ್ಡ ಬುಟ್ಟಿ ಹೊತ್ತು ಎರಡು ಮಾರು ದೂರದಲ್ಲಿ ನಿಂತವಳನ್ನೇ ಅಳಿಸಿಬಿಟ್ಟ ನೆನಪು ಒಂದು ಹಕ್ಕಿಯ ಎದೆಗೆ ಬಣ್ಣ ಬಳಿದಿದ್ದರೆ ಆಶ್ಚರ್ಯವೇನು? ಆ ಕೆಂಪನ್ನು ನಾನು ಆಮೇಲೆ ವಿಶ್ವವಿದ್ಯಾಲಯದ ಯಾವುದೋ ಪುಸ್ತಕದ ಚಿತ್ರದಿಂದ ತಂದು ಹಚ್ಚಿರಬಹುದು. ಊಟ ಅಲ್ಲಿಗೇ ನಿಂತಿತು.

ಮರುದಿನ ಸಭೆಗೆ ಮೊದಲು ಸಮಿತಿಯ ಕೋಣೆಗೆ ಬೇಗ ಹೋದೆ. ನಾನು ಬರೆದುಕೊಟ್ಟ ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಹತ್ತು ಮಾರು ಎಂದು ಬರೆದದ್ದನ್ನು ತೋರಿಸಿ, ನಾನು ಹೇಳಿದ್ದಕ್ಕಿಂತ ನೀವು ಹೆಚ್ಚು ಸವರಿದ್ದೀರಿ ಎನ್ನುವುದು ನನ್ನ ಯೋಜನೆ. ಕನ್ನಡಕ ಹಾಕಿಕೊಂಡು ಓದಿದೆ. ‘ಪೆಟ್ಟಿಗೆ ಇರುವ ಮರಗಳ ಸುತ್ತಲಿನ ಜಿಗ್ಗು ಮತ್ತು ಒಣಕೊರಡುಗಳನ್ನು ಪ್ರತಿವರ್ಷ ತೆಗೆಯುವುದು.’ ಕೆಳಗೆ ನನ್ನ ಸಹಿ. ಹತ್ತು ಮಾರು ಇಲ್ಲ. ಎರಡು ಸಲ ಓದಿದೆ, ಹಿಂಬದಿ ತಿರುಗಿಸಿ ನೋಡಿದೆ. ಯಾವ ಅಳತೆಯೂ ಇಲ್ಲ. ಅಳತೆಯನ್ನು ಯೋಚಿಸಿದ್ದು ನಿಜವಿರಬಹುದು, ಬಾಯಲ್ಲಿ ಹೇಳಿದ್ದೂ ಇರಬಹುದು. ಬರೆದಿರಲಿಲ್ಲ. ಊರಿನವರು ಬರೆದದ್ದನ್ನು ಅಕ್ಷರಶಃ ಪಾಲಿಸಿದ್ದರು.

ಜನ ಬಂದು ಕೂತರು. ಅಧ್ಯಕ್ಷರು ವಯಸ್ಸಾದವರು, ಅಪ್ಪನ ಜೊತೆ ಒಂದೇ ಗದ್ದೆಯಲ್ಲಿ ನಾಟಿ ಮಾಡಿದವರು, ನನ್ನ ಮೇಲೆ ವಿಶ್ವಾಸವುಳ್ಳವರು. ಅವರು ಹೆಚ್ಚು ಸುತ್ತುಬಳಸಲಿಲ್ಲ.

“ನಮಗೆಲ್ಲ ಇದನ್ನ ಕಲಿಸಿದ್ದೇ ಮೇಷ್ಟ್ರು. ಆ ಹಳ್ಳದಾಗೆ ಆ ಹಕ್ಕಿ ಅದೆ ಅಂತ ಅವ್ರು ಒಂದು ಮಾತು ಹೇಳ್ಲಿ, ಹಳ್ಳ ಬಿಟ್ಟುಬಿಡನ.”

ಒಂದು ಮಾತು. ಭಾವ ಬಾಗಿಲ ಹತ್ತಿರ ನಿಂತಿದ್ದರು. ನಾನು ಎದ್ದು ನಿಂತೆ. ಇದೆ ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಗೋಡೆಯ ಮೇಲಿನ ಹಾಳೆ ಕಣ್ಣೆದುರೇ ಇತ್ತು. ಹಿಂದಿನ ರಾತ್ರಿಯ ಕೆಂಪು, ಕಾಕರಣೆಯಿಲ್ಲದ ನೋಟ್ ಪುಸ್ತಕಗಳು, ಏನೂ ಕಾಣದ ಮೂರು ಬೆಳಗು. ಈಗ ಅದು ಅಲ್ಲಿ ಇದೆ ಎಂದು ಖಚಿತವಾಗಿ ಹೇಳಲಾರೆ ಎಂದೆ. ಹಿಂದೆ ಇತ್ತು ಅಂತ ಅನ್ನಿಸುತ್ತದೆ, ಆದರೆ ನನ್ನ ಬಳಿ ದಾಖಲೆ ಇಲ್ಲ, ಇನ್ನೂ ಒಂದು ವರ್ಷ ಗಮನಿಸಿ ನೋಡುವುದು ಒಳ್ಳೆಯದು ಎಂದೆ. ಹೀಗೇ ಅಂದೆನೆಂದು ನನಗೆ ನೆನಪು. ಆ ದಿನ ಹಿಂದೆ ಕೂತಿದ್ದ ಅಕ್ಕನನ್ನು ಕೇಳಿದರೆ ಒಂದು ವರ್ಷದ ಮಾತನ್ನು ನೀನು ಆಡಲೇ ಇಲ್ಲ ಎನ್ನುತ್ತಾಳೆ.

ಭಾವನ ಪಕ್ಕದ ಪಾಲಿನ ಹೆಂಗಸು, ಕೆಲಸದಲ್ಲಿ ಊರಿಗೇ ಚುರುಕು, ಎದುರು ಕೂತಿದ್ದವರು ನಗುತ್ತ ಕೇಳಿದರು. “ಅನ್ಸತ್ತೆ ಅಂದ್ರೆ ಎಂತ ಮೇಷ್ಟ್ರೇ? ಇತ್ತಾ, ಇಲ್ವಾ?”

“ಇತ್ತು ಅಂತ ಅನ್ಸತ್ತೆ.”

ಕೋಣೆಯಲ್ಲಿ ನಗು ಎದ್ದಿತು. ಅದರಲ್ಲಿ ಕುಚೋದ್ಯವಿರಲಿಲ್ಲ, ಓದಿದವರು ಹೀಗೆಯೇ ಎನ್ನುವ ನಗು ಅದು. ಮಂಗಟ್ಟೆ ಕಣ್ಣಿಗೆ ಕಾಣುತ್ತದೆ, ಅದರ ಮೊಟ್ಟೆ ಹೋದದ್ದೂ ಕಂಡಿದೆ, ಕಾಣದ ಹಕ್ಕಿಗಾಗಿ ಕಂಡ ಹಕ್ಕಿಯನ್ನು ಬಿಡುವುದು ಹೇಗೆ ಎಂದು ಅಧ್ಯಕ್ಷರು ಮೆಲ್ಲಗೆ ಹೇಳಿದರು. ಅವರ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದೂ ಅದೇ ತರ್ಕ. ಹಳ್ಳ ಸವರುವುದೆಂದು ತೀರ್ಮಾನವಾಯಿತು. ಅವಲಕ್ಕಿ, ಚಾ ಬಂತು.

ಮನೆಗೆ ನಡೆದು ಬರುವಾಗ ಭಾವ ಮುಂದೆ ಮುಂದೆ ಹೋಗುತ್ತಿದ್ದರು. ಗದ್ದೆಯ ಅಂಚಿಗೆ ಬಂದಾಗ ನಿಂತರು. ಸಿಟ್ಟಿರಲಿಲ್ಲ ಧ್ವನಿಯಲ್ಲಿ.

“ಸುಳ್ಳು ಹೇಳು ಅಂತ ನಾ ನಿಂಗೆ ಹೇಳ್ಲಿಲ್ಲ ಮಾರಾಯ. ನಾ ಕೇಳಿದೀನಿ ಅಂದಿದ್ದೆ. ನಮ್ಮ ಭಾವ ಕೇಳಿದಾರೆ, ಅವ್ರ ಮಾತು ನಾ ನಂಬ್ತೀನಿ ಅಂದಿದ್ರೆ ಸಾಕಿತ್ತು.”

ಅದು ನನಗೆ ಹೊಳೆದೇ ಇರಲಿಲ್ಲ. ದಿನಾ ಆ ಹಳ್ಳದ ದಡದಲ್ಲಿ ಓಡಾಡುವ ಮನುಷ್ಯ, ನನಗೆ ಆ ಹಕ್ಕಿಯ ಹೆಸರು ಹೇಳಿಕೊಟ್ಟವರು, ಕೇಳಿದ್ದೇನೆ ಎಂದಾಗ ಅದನ್ನು ನಾನು ಸಾಕ್ಷಿ ಎಂದೇ ಎಣಿಸಲಿಲ್ಲ. ನನ್ನ ಕಣ್ಣು, ನನ್ನ ಕಿವಿ, ನನ್ನ ಪುಸ್ತಕ, ನನ್ನ ನೆನಪು. ಇವು ನಾಲ್ಕನ್ನೂ ಅನುಮಾನಿಸಿ ಮುಗಿಸಿದ ಮೇಲೆ ಐದನೆಯದು ಇದೆ ಎಂದು ತಲೆಗೆ ಬರಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಎಷ್ಟು ಸಲ ಹೇಳಿಕೊಂಡರೂ ಕೊನೆಗೆ ಉಳಿಯುವುದು ಸೊಕ್ಕು.

ಮೂರು ದಿನ ಕಳೆದು ಪಾಲು ಸವರಲು ಇಳಿದೆವು. ಭಾವ, ಅಕ್ಕ, ನಾನು. ನೀನು ಸಾಗರಕ್ಕೆ ಹೋಗು ಎಂದು ಅಕ್ಕ ಹೇಳಿದಳು. ಹೋಗಲು ಮನಸ್ಸಾಗಲಿಲ್ಲ. ಕತ್ತಿ ಹಿಡಿದು ಎಷ್ಟೋ ವರ್ಷವಾಗಿತ್ತು, ಹೊತ್ತೇರುವ ಮೊದಲೇ ಅಂಗೈಯಲ್ಲಿ ಬೊಕ್ಕೆ ಬಂತು. ಬೆತ್ತ ಎಳೆದರೆ ಮೈಯೆಲ್ಲ ಗೀರುತ್ತಿತ್ತು. ಕೇಪಳದ ಗಿಡಗಳು ಒಂದೇ ಏಟಿಗೆ ಹೋಗುತ್ತಿದ್ದವು. ಮೇಲಿನ ಪಾಲುಗಳಿಂದ ಹರಟೆ, ನಗು, ಕತ್ತಿಯ ಸದ್ದು ಇಳಿದು ಬರುತ್ತಿತ್ತು. ಒಂದು ಜೋಡಿ ಮಂಗಟ್ಟೆ ತಲೆಯ ಮೇಲೆ ರೆಕ್ಕೆ ಬೀಸಿಕೊಂಡು ದಾಟಿದವು. ಜನ ಕೆಲಸ ನಿಲ್ಲಿಸಿ ನೋಡಿದರು.

ಮಧ್ಯಾಹ್ನದ ಹೊತ್ತಿಗೆ ಭಾವ ನನ್ನನ್ನು ಕರೆದರು. ವಾಟೆ ಬಿದಿರಿನ ಹಿಂಡಿನ ಹಿಂದೆ ಎದೆಮಟ್ಟದ ಒಂದು ಕೊರಡು, ಯಾವ ಕಾಲದಲ್ಲಿ ಸತ್ತ ಮರವೋ, ಒತ್ತಿದರೆ ಬೆರಳು ಇಳಿಯುವಷ್ಟು ಕೊಳೆತಿತ್ತು. ಅದರ ಒಂದು ಮೈಯಲ್ಲಿ ಕೊರೆದ ಒಂದು ತೂತು, ಒಳಗೆ ಒಡೆದ ಕಾಯಿಯ ಹೋಳಿನಷ್ಟು ಗುಂಡಗೆ ಜಾಗ. ಇದು ಅದರದ್ದಾ ಎಂದು ಭಾವ ಕೇಳಿದರು. ನಾನು ಕೈ ಹಾಕಿ ನೋಡಿದೆ. ಪುಡಿಯಾದ ಮರ, ಇರುವೆ. ಗರಿ ಇಲ್ಲ, ಚಿಪ್ಪು ಇಲ್ಲ. ಇರಬಹುದು, ಕುಟ್ರುಹಕ್ಕಿಯದೂ ಆಗಿರಬಹುದು, ಅದರ ತೂತು ಇನ್ನೂ ಚಿಕ್ಕದು, ಆದರೆ ಅಂಚು ಉದುರಿದ್ದರೆ ದೊಡ್ಡದಾಗಿ ಕಾಣುತ್ತದೆ ಎಂದು ಶುರುಮಾಡಿದೆ. ಭಾವ ನಡುವೆ ತಡೆದರು.

“ಅದನ್ನಲ್ಲ ಕೇಳಿದ್ದು. ಬಿಡನಾ, ತೆಗೆಯನಾ?”

ಬಿಡಿ ಎಂದೆ. ಈ ಸಲ ತಡವರಿಸಲಿಲ್ಲ.

ಕೊರಡನ್ನು ಬಿಟ್ಟು ಸುತ್ತ ಎಲ್ಲವನ್ನೂ ಸವರಿದೆವು. ಸುತ್ತಲೂ ಬಿಟ್ಟರೆ ಮೇಲಿನವರ ಕಣ್ಣಿಗೆ ಬೀಳುತ್ತಿತ್ತು. ಹೊತ್ತು ಇಳಿಯುವಾಗ ಮೇಲೆ ಹತ್ತಿ ನೋಡಿದರೆ ಹಳ್ಳದ ದಡ ಬೋಳಾಗಿ, ನಡುವೆ ಅದೊಂದು ಮೋಟು ನಿಂತಿತ್ತು. ನೆರಳಿಲ್ಲದ ಕಡೆ ಆ ಹಕ್ಕಿ ಗೂಡು ಮಾಡುವುದಿಲ್ಲ ಎಂದು ನನಗೆ ಗೊತ್ತು. ಭಾವನಿಗೂ ಗೊತ್ತು. ಅದನ್ನು ಉಳಿಸಿದ್ದು ಹಕ್ಕಿಗಾಗಿ ಅಲ್ಲ, ನಮಗಾಗಿ ಇರಬೇಕು.

ಮಾಘ, ಫಾಲ್ಗುಣ, ಪ್ರತಿ ಭಾನುವಾರ ಸಾಗರದಿಂದ ಮೊದಲ ಬಸ್ಸಿಗೆ ಹೊರಟು ಹಳ್ಳದ ಬಳಿ ಕೂತೆ. ನೋಟ್ ಪುಸ್ತಕದಲ್ಲಿ ಈಗ ಎಲ್ಲ ಹಕ್ಕಿಗೂ ಕಾಲಂ ಇದೆ. ಪಿಕಳಾರ, ನವಿಲು, ಕಾಜಾಣ, ಮಂಗಟ್ಟೆ ಬರೆದೆ. ಕಾಕರಣೆಯ ಕಾಲಂ ಖಾಲಿ. ಅದು ಅಲ್ಲಿಂದ ಹೋಯಿತೋ, ಭಾವ ಕೇಳಿದ್ದು ಬೇರೆ ಯಾವುದೋ ಕೂಗೋ, ಇನ್ನು ಯಾವ ಬಗೆಯಲ್ಲೂ ತಿಳಿಯುವಂತಿಲ್ಲ. ತಿಳಿಯಬಹುದಾಗಿದ್ದ ಜಾಗವನ್ನೇ ನಾವು ಸವರಿದ್ದೇವೆ. ಭಾವ ಮೊದಲ ವಾರ ಜೊತೆಗೆ ಬಂದರು, ಆಮೇಲೆ ಬರಲಿಲ್ಲ. ಪೆಟ್ಟಿಗೆಗಳ ಕಾವಲು ಮಾತ್ರ ಬಿಟ್ಟಿಲ್ಲ. ಈ ವರ್ಷ ಮೂರು ಪೆಟ್ಟಿಗೆಯಲ್ಲಿ ಮರಿ ಇವೆ.

ಆರನೆಯದೋ ಏಳನೆಯದೋ ಭಾನುವಾರ ಹೋದಾಗ ಕೊರಡು ಇರಲಿಲ್ಲ. ನೆಲದಲ್ಲಿ ಒಂದು ಗುಳಿ, ಕೆದರಿದ ಮಣ್ಣು. ಪಕ್ಕದ ಪಾಲಿನ ಹೆಂಗಸು ದನ ಅಟ್ಟಿಕೊಂಡು ಅದೇ ದಾರಿಯಲ್ಲಿ ಬರುತ್ತಿದ್ದರು. ನನ್ನನ್ನು ನೋಡಿ ನಿಂತರು, ಮುಖದಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದ ಸಂತೋಷ.

“ನಿಮ್ಮ ಭಾವನ ಪಾಲಾಗೆ ಒಂದು ಕೊರಡು ಉಳ್ಕಂಡಿತ್ತು ಮೇಷ್ಟ್ರೇ. ನಾನೇ ಕಿತ್ತು ಹಾಕ್ದೆ. ನೋಡಿದೋರು ಏನಾದ್ರೂ ಅಂದ್ರೆ ಪಾಪ, ಅವ್ರಿಗೆ ಹೆಸರು ಕೆಡತ್ತಲ್ಲ.”

ಉಪಕಾರವಾಯಿತು ಎಂದೆ. ಒಯ್ದು ಬಚ್ಚಲ ಒಲೆಗೆ ಹಾಕಿದರಂತೆ. ಬರೀ ಪೊಳ್ಳು, ಉರಿಯಲೇ ಇಲ್ಲ, ಮನೆ ತುಂಬ ಹೊಗೆಯಾಯಿತು ಎಂದು ಹೇಳಿ, ದನದ ಹಿಂದೆ ಗುಡ್ಡ ಇಳಿದರು.